ಕಬ್ಬಿಣದ ಕಾಸು ಹೊತ್ತು ಅಮೆರಿಕಕ್ಕೆ

ಶನಿವಾರಸಂತೆ, ಹೊರಡುವ ಮುಂಚೆ

ಅಮೆರಿಕಕ್ಕೆ ಹೋಗಿ ಬಂದವರು ಅಲ್ಲಿಯ ಮುಗಿಲು ಮುಟ್ಟುವ ಕಟ್ಟಡಗಳ ಬಗ್ಗೆ ಬರೆಯುತ್ತಾರೆ. ನಾನೂ ಬರೆಯಬಹುದಿತ್ತು, ಆದರೆ ತಲೆಯೆತ್ತಿ ನೋಡುವ ಪುರುಸೊತ್ತು ನನಗೆ ಸಿಗಲಿಲ್ಲ. ಇದ್ದಷ್ಟು ದಿನವೂ ನನ್ನ ಒಂದು ಕೈ ಅಂಗಿಯ ಒಳಜೇಬಿನ ಮೇಲೇ ಇತ್ತು. ಅಲ್ಲಿ ಒಂದು ಬಟ್ಟೆಯ ಚೂರು, ಅದರೊಳಗೆ ಒಂದು ಕಾಸು. ಆ ಕಾಸು ಎಬ್ಬಿಸಿದ ರಗಳೆಯನ್ನೇ ನಾನು ಹೇಳಬೇಕಾಗಿದೆ. ಕಟ್ಟಡಗಳನ್ನು ಬೇರೆಯವರ ಬರಹಗಳಲ್ಲಿ ನೋಡಿಕೊಳ್ಳಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ನಮ್ಮ ಕಡೆಯ ಕಿತ್ತಳೆ ಗಿಡಗಳು ಯಾವುದೋ ರೋಗ ಬಡಿದು ತುದಿಯಿಂದ ಒಣಗುತ್ತಿದ್ದವು. ಅಮೆರಿಕದವರು ಕಿತ್ತಳೆಯನ್ನು ಹೇಗೆ ನೋಡಿಕೊಳ್ಳುತ್ತಾರೆಂದು ತಿಳಿದು ಬರಲು ಬೆಳೆಗಾರನೊಬ್ಬನನ್ನು ಕಳಿಸುವ ಯೋಜನೆ ಬಂತು. ಕಿತ್ತಳೆ ತೋಟ ಇರಬೇಕು, ಇಂಗ್ಲಿಷ್ ಬರಬೇಕು, ಎರಡು ತಿಂಗಳು ಮನೆ ಬಿಟ್ಟಿರಲು ಒಪ್ಪಬೇಕು. ಈ ಮೂರೂ ಕೂಡಿ ಬಂದವನು ಶನಿವಾರಸಂತೆಯ ಸುತ್ತಮುತ್ತ ನಾನೊಬ್ಬನೇ ಸಿಕ್ಕಿದ್ದು. ಮೈಸೂರಿನ ಕಾಲೇಜಿನಲ್ಲಿ ಎರಡು ಸಲ ಫೇಲಾಗಿ ಬಂದದ್ದಕ್ಕೆ ಇಷ್ಟು ದಿನದ ಮೇಲೆ ಒಂದು ಬೆಲೆ ಬಂತು ಎಂದು ಅಪ್ಪ ಹೇಳಿದರು.

ಹೊರಡುವ ಹಿಂದಿನ ದಿನ ಗೌರಮ್ಮ ಚಿಕ್ಕಮ್ಮ ಬಂದರು. ಒಂದೇ ಅಂಗಳದ ಆಚೆ ಮನೆ ಅವರದು. ಸೆರಗಿನ ತುದಿಯ ಗಂಟು ಬಿಚ್ಚಿ ಕಾಸನ್ನು ನನ್ನ ಅಂಗೈಯಲ್ಲಿಟ್ಟರು.

"ಸಿದ್ದಾ, ಇದನ್ನ ತಗಂಡ್ ಹೋಗು. ಅಲ್ಲಿ ತಿಳ್ದೋರು ಯಾರಾದ್ರೂ ಇದ್ರೆ ಕೇಳ್ಕಂಡ್ ಬಾ. ನಿಮ್ಮ ಚಿಕ್ಕಪ್ಪ ಇದರ ಬಗ್ಗೆ ಹೇಳ್ತಿದ್ದಿದ್ದು ನಿಜಾನೋ ಸುಳ್ಳೋ. ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಚಿಕ್ಕಪ್ಪ ಈರಪ್ಪ ಯುದ್ಧದ ಕಾಲದಲ್ಲಿ ಅಸ್ಸಾಮಿನ ಕಡೆ ಲಾರಿ ಓಡಿಸುತ್ತಿದ್ದವರು. ಅಲ್ಲಿ ಅಮೆರಿಕದ ಸಿಪಾಯಿಗಳು ಬೆಟ್ಟ ಕಡಿದು ರಸ್ತೆ ಮಾಡುತ್ತಿದ್ದರಂತೆ. ಅವರಲ್ಲೊಬ್ಬ ಚಿಕ್ಕಪ್ಪನಿಗೆ ಸ್ನೇಹಿತನಾಗಿ ಈ ಕಾಸನ್ನು ಕೊಟ್ಟಿದ್ದ. ಒಂದು ಕಡೆ ಗಡ್ಡದ ಮನುಷ್ಯನ ಮುಖ, ಇನ್ನೊಂದು ಕಡೆ ಎರಡು ತೆನೆ, 1943 ಎಂಬ ಇಸವಿ. ನೋಡಲು ಬೆಳ್ಳಿಯ ಹಾಗೆ ಬೆಳ್ಳಗಿತ್ತು. ಯುದ್ಧ ಮುಗಿಸಿ ಬಂದ ಚಿಕ್ಕಪ್ಪ ಜಗಲಿಯಲ್ಲಿ ಕೂತು ಹೇಳಿದರು: "ಇದು ಬೆಳ್ಳಿ ಅಲ್ಲ, ಕಬ್ಬಿಣ. ಅಮೆರಿಕದಲ್ಲಿ ತಾಮ್ರ ಎಲ್ಲಾ ಬಂದೂಕಿನ ತೋಟಾ ಮಾಡಕ್ಕೆ ಹೋಯ್ತು. ಅದಕ್ಕೆ ಆ ಒಂದು ವರ್ಷ ಕಬ್ಬಿಣದಲ್ಲೇ ಕಾಸು ಹೊಡೆದ್ರು. ಮಾರನೇ ವರ್ಷ ಸುಟ್ಟ ಖಾಲಿ ತೋಟಾ ಕರಗಿಸಿ ಕಾಸು ಮಾಡಿದ್ರು."

ಜಗಲಿ ಪೂರಾ ನಕ್ಕಿತು. ಜಗತ್ತಿನ ಸಾಹುಕಾರ ದೇಶ ಕಬ್ಬಿಣದ ಕಾಸು ಹೊಡೆಯುತ್ತದೆಯೇ? ಬಂದೂಕಿನ ತೋಟಾ ಕರಗಿಸಿ ದುಡ್ಡು ಮಾಡುತ್ತದೆಯೇ? "ನಮ್ಮ ಸರ್ಕಾರ ತಾಮ್ರ ಉಳಿಸಕ್ಕೆ ಕಾಸಿಗೆ ತೂತು ಹೊಡೀಲಿಲ್ವೇನ್ರೋ?" ಎಂದು ಚಿಕ್ಕಪ್ಪ ವಾದಿಸಿದರು. ಆಗ ತೂತು ಕಾಸು ಎಲ್ಲರ ಜೇಬಿನಲ್ಲೂ ಇತ್ತು, ಆದರೂ ಯಾರೂ ಒಪ್ಪಲಿಲ್ಲ. ಅದರ ಮೇಲೆ ಅವರು ಸುಮ್ಮನಿರಬಾರದೇ? ಅಮೆರಿಕದಲ್ಲಿ ಮನೆಗೆ ಚಕ್ರ ಇರುತ್ತದೆ, ಕಾರಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾರೆ ಎಂದರು. ಕಿತ್ತಳೆ ಬೆಳೆಯುವವರೇ ಡಬ್ಬಿಯಿಂದ ಕಿತ್ತಳೆ ರಸ ಕುಡಿಯುತ್ತಾರೆ ಎಂದರು. ಆಗ ಹೈಸ್ಕೂಲಿನಲ್ಲಿದ್ದ ನಾನು ಅವರಿಗೆ ಬುರುಡೆ ಈರಪ್ಪ ಎಂದು ಹೆಸರಿಟ್ಟೆ. ಹೆಸರು ಒಂದು ವಾರದಲ್ಲಿ ಸಂತೆಯವರೆಗೆ ಮುಟ್ಟಿತು. ಆಮೇಲೆ ಅದನ್ನು ವಾಪಸ್ಸು ತೆಗೆದುಕೊಳ್ಳುವುದು ನನ್ನ ಕೈಯಲ್ಲೂ ಇರಲಿಲ್ಲ. ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ, ಮಣ್ಣಿಗೆ ಬಂದವರಲ್ಲಿ ಒಬ್ಬರು "ಬುರುಡೆ ಈರಪ್ಪ ಹೋದ್ನಲ್ಲಪ್ಪ" ಎಂದದ್ದು ಚಿಕ್ಕಮ್ಮನ ಕಿವಿಗೆ ಬಿತ್ತು.

ಕಾಸಿನ ಮೇಲೆ ತೆನೆ ಇದೆಯಲ್ಲ, ಹುತ್ತರಿ ಹಬ್ಬದ ಕದಿರಿನ ಹಾಗೆ ಇದೆ ಎಂದು ಚಿಕ್ಕಮ್ಮ ಅದನ್ನು ದೇವರ ಮನೆಯಲ್ಲಿಟ್ಟಿದ್ದರು. ಪ್ರತಿ ಸೋಮವಾರ ಪೂಜೆಯ ಪಾತ್ರೆಗಳ ಜೊತೆ ಅದಕ್ಕೂ ಹುಣಸೆಹಣ್ಣು, ಒಲೆಯ ಬೂದಿ. ಹದಿನಾಲ್ಕು ವರ್ಷ ಒಂದು ವಾರವೂ ತಪ್ಪಿಸದೆ ತಿಕ್ಕಿದ್ದರು.

"ಆಗ್ಲಿ ಚಿಕ್ಕಮ್ಮ, ಕೇಳ್ತೀನಿ" ಎಂದೆ. ಆದರೆ ನಿಜ ಹೇಳಬೇಕಲ್ಲ, ನನ್ನ ತಲೆಯಲ್ಲಿದ್ದದ್ದು ಜೀಪು. ಸೋಮವಾರಪೇಟೆಯ ವಾಚನಾಲಯದಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಓದಿದ್ದೆ. 1943ರ ಅಮೆರಿಕದ ಒಂದು ಸೆಂಟ್ ನಾಣ್ಯಕ್ಕೆ ಹೊಸ ಕಾರಿನಷ್ಟು ಬೆಲೆ ಬರುತ್ತದೆ ಎಂದು ಅದರಲ್ಲಿತ್ತು. ಪಕ್ಕದವನು ಪುಟ ತಿರುಗಿಸಲು ಅವಸರ ಮಾಡುತ್ತಿದ್ದ, ಪೂರ್ತಿ ಓದಲಾಗಲಿಲ್ಲ. ಪೂರ್ತಿ ಓದುವುದಕ್ಕೆ ಏನಿದೆ? ಇಸವಿ ಸರಿ, ದೇಶ ಸರಿ. ಚಿಕ್ಕಮ್ಮನಿಗೆ ಅರ್ಧ, ನನಗೆ ಅರ್ಧ. ಜೀಪಿಗೆ ಹಸಿರು ಬಣ್ಣ ಹೊಡೆಸುವುದೆಂದೂ ತೀರ್ಮಾನಿಸಿ ಆಗಿತ್ತು.

ನ್ಯೂಯಾರ್ಕ್

ವಿಮಾನದಲ್ಲಿ ನನಗೆ ಸಿಕ್ಕಿದ ಊಟ ಎರಡು ರೊಟ್ಟಿಯ ಚೂರು, ಒಂದು ಬಾಳೆಹಣ್ಣು. ಮಾಂಸ ತಿನ್ನುವುದಿಲ್ಲ ಎಂದರೆ ಊಟ ಬಡಿಸುವ ಹುಡುಗಿ ಕೋಳಿ ತಂದಳು. ಕೋಳಿಯೂ ಬೇಡ ಎಂದರೆ ಮೀನು ತಂದಳು. ಮೀನೂ ಬೇಡ ಎಂದ ಮೇಲೆ ನಿಮಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳು. ಇನ್ನು ಎರಡು ತಿಂಗಳು ಇದೇ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ.

ಸುಂಕದ ಕಟ್ಟೆಯಲ್ಲಿ ಸಾಲು ನಿಂತೆವು. ಅಧಿಕಾರಿ ನನ್ನ ಪಾಸ್‌ಪೋರ್ಟು ನೋಡಿ ಮೈಸೂರು ಎಲ್ಲಿದೆ ಎಂದ. ನಾನು ಮೈಸೂರಿನವನಲ್ಲ, ಕೊಡಗಿನವನು ಎಂದೆ. ಹಾಗಾದರೆ ಇಲ್ಲಿ ಮೈಸೂರು ಎಂದು ಯಾಕಿದೆ? ಕೊಡಗು ಮೊದಲು ಬೇರೆ ರಾಜ್ಯವಾಗಿತ್ತು, ಈಗ ಸೇರಿಸಿದ್ದಾರೆ ಎಂದೆ. ಯಾರು ಸೇರಿಸಿದ್ದು, ಯಾಕೆ ಎಂದ. ನಮ್ಮೂರಿನ ಜಗಲಿಯಲ್ಲಿ ನಾಲ್ಕು ವರ್ಷದಿಂದ ಮುಗಿಯದ ಚರ್ಚೆಯನ್ನು ಅಲ್ಲಿ ನಿಂತು ಮುಗಿಸಬೇಕಾಯಿತು. ಹಿಂದೆ ನಿಂತಿದ್ದವರು ನಿಟ್ಟುಸಿರು ಬಿಡುತ್ತಿದ್ದರು.

ಆಮೇಲೆ ಚೀಲ ತೆರೆಸಿದ. ನನ್ನ ಚರ್ಮದ ಚೀಲದ ಹಿಡಿ ಕಿತ್ತುಬಂದಿದ್ದಾಗ ಶನಿವಾರಸಂತೆಯ ರಿಪೇರಿಯವನು ಮೊಳೆಯ ಕೆಳಗೆ ಎರಡು ತೂತು ಕಾಸು ಕೊಟ್ಟು ಭದ್ರ ಮಾಡಿದ್ದ. ನಮ್ಮಲ್ಲಿ ವಾಷರಿಗೆ ಬೇರೆ ಯಾರು ದುಡ್ಡು ಕೊಡುತ್ತಾರೆ? ಅದನ್ನು ಅಧಿಕಾರಿ ಗಮನಿಸಲಿಲ್ಲ. ಚಕ್ಕುಲಿಯನ್ನು ಮೂಸಿ ನೋಡಿದ. ನನ್ನ ಕತ್ತಿನಲ್ಲಿದ್ದ ಲಿಂಗದ ಕರಡಿಗೆಯನ್ನು ತೋರಿಸಿ ಅದೇನು ಎಂದ.

"ನನ್ನ ದೇವರು" ಎಂದೆ. ಪಾಪ, ಅದನ್ನು ಮುಟ್ಟದೆ ಬಿಟ್ಟ. ಜೇಬಿನಲ್ಲಿ ಉಬ್ಬಿದ್ದ ಬಟ್ಟೆಯ ಗಂಟನ್ನು ತೋರಿಸಿ, "ಮತ್ತೆ ಇದು?" ಎಂದ.

"ಇದು ನಿಮ್ಮದೇ ಕಾಸು."

ಬಿಚ್ಚಿ ನೋಡಿದ. ಪಕ್ಕದ ಅಧಿಕಾರಿಯನ್ನು ಕರೆದು ತೋರಿಸಿದ. ಇಬ್ಬರೂ ನಕ್ಕರು. "ಒಂದು ಸೆಂಟ್ ವಾಪಸ್ಸು ಕೊಡಲು ಅಷ್ಟು ದೂರದಿಂದ ಬಂದಿರಾ?" ಎಂದು ನನ್ನ ಭುಜ ತಟ್ಟಿದ. ಈ ದೇಶದವರಿಗೆ ಪರಿಚಯವಿಲ್ಲದವರ ಭುಜ ತಟ್ಟುವ ಚಾಳಿ ಇದೆ. ನಗಲಿ, ಬೆಲೆ ಗೊತ್ತಿಲ್ಲದವನು ಎಂದುಕೊಂಡು ನಾನು ಗಂಟು ಕಟ್ಟಿ ಒಳಗಿಟ್ಟೆ.

ಫ್ಲಾರಿಡಾ, ವಾಲ್ಟರನ ತೋಟ

ನನ್ನನ್ನು ಇರಿಸಿಕೊಂಡವರು ವಾಲ್ಟರ್ ಎಂಬ ಬೆಳೆಗಾರ, ಅವನ ಹೆಂಡತಿ ಎಡ್ನಾ, ಮತ್ತು ಎಡ್ನಾಳ ತಾಯಿ. ಒಳ್ಳೆಯ ಜನ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ದೂರಿನ ಹಾಗೆ ಕೇಳಿಸಬಹುದು.

ಅವರ ತೋಟ ನೋಡಿ ನನಗೆ ಹೊಟ್ಟೆಯುರಿಯಿತು. ನೆಲ ಚಪ್ಪಟೆ, ಗಿಡಗಳು ದಾರ ಹಿಡಿದು ನಿಲ್ಲಿಸಿದ ಹಾಗೆ ಸಾಲಾಗಿ, ಒಂದು ಗಿಡಕ್ಕೂ ಒಣಗಿದ ತುದಿ ಇಲ್ಲ. ನಮ್ಮಲ್ಲಿ ಕಾಫಿಯ ಮಧ್ಯೆ ಮೆಣಸು, ಮೆಣಸಿನ ಮಧ್ಯೆ ಕಿತ್ತಳೆ, ಅದರ ಕೆಳಗೆ ಎಲ್ಲಿ ಕಾಲಿಟ್ಟರೂ ಜಿಗಣೆ. ಇಲ್ಲಿ ಮಧ್ಯಾಹ್ನ ಬೂಟು ಕೂಡ ಕೊಳೆಯಾಗದೆ ತೋಟ ಸುತ್ತಿ ಬರಬಹುದು. ಮೊದಲ ದಿನ ಬೆಳಗ್ಗೆ ಕಿಟಕಿಯ ಹೊರಗೆ ಕೈಗೆ ಸಿಗುವಷ್ಟು ಹತ್ತಿರ ಹಣ್ಣು ಜೋತಾಡುತ್ತಿದ್ದವು. ಒಳಗೆ ಎಡ್ನಾ ಮಂಜುಗಡ್ಡೆ ಪೆಟ್ಟಿಗೆಯಿಂದ ಒಂದು ತಗಡಿನ ಡಬ್ಬಿ ತೆಗೆದು, ಅದರಲ್ಲಿದ್ದ ಗಟ್ಟಿ ಮುದ್ದೆಗೆ ನೀರು ಸುರಿದು ಕಲಕಿ, ಕಿತ್ತಳೆ ರಸ ಎಂದು ನನ್ನ ಮುಂದಿಟ್ಟಳು.

"ಹೊರಗೆ ಹಣ್ಣಿದೆಯಲ್ಲ?" ಎಂದೆ.

"ಅದು ಕಾರ್ಖಾನೆಗೆ ಹೋಗುತ್ತೆ."

"ಕಾರ್ಖಾನೆಯಿಂದ?"

"ಡಬ್ಬಿಯಾಗಿ ಅಂಗಡಿಗೆ ಬರುತ್ತೆ. ಅಲ್ಲಿಂದ ನಾವು ತರುತ್ತೇವೆ."

ಕುಡಿಯುತ್ತ ನನಗೆ ಎಲ್ಲೋ ಒಂದು ಮುಳ್ಳು ಚುಚ್ಚಿದ ಹಾಗಾಯಿತು. ಈ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ, ಕೇಳಿ ನಕ್ಕಿದ್ದೆ. ನಾಲ್ಕನೇ ದಿನ ವಾಲ್ಟರನ ನೆಂಟರು ಬಂದರು. ಅವರು ಬಂದದ್ದು ಮನೆಯ ಸಮೇತ. ಕಾರಿನ ಹಿಂದೆ ಚಕ್ರದ ಮೇಲೆ ಮನೆ. ಒಳಗೆ ಮಂಚ, ಒಲೆ, ಕಿಟಕಿಗೆ ಪರದೆ. ನೆಂಟರ ಮನೆಗೆ ಬರುವವರು ತಮ್ಮ ಮನೆಯನ್ನೇ ಎಳೆದು ತಂದರೆ ಅದೆಂಥ ನೆಂಟಸ್ತಿಕೆ ಎಂದು ನನಗೆ ರೇಗಿತು. ಆದರೆ ರೇಗಿದ್ದು ಅದಕ್ಕೆ ಮಾತ್ರ ಆಗಿರಲಿಲ್ಲ. ಚಿಕ್ಕಪ್ಪ ಹೇಳಿದ ನಾಲ್ಕು ಬುರುಡೆಗಳಲ್ಲಿ ಎರಡು ಆಗಲೇ ನನ್ನ ಕಣ್ಣ ಮುಂದೆ ನಿಂತಿದ್ದವು. ನಾನು ಅದರ ಬಗ್ಗೆ ಹೆಚ್ಚು ಯೋಚಿಸಲು ಹೋಗಲಿಲ್ಲ. ಜೀಪಿನ ಬಗ್ಗೆ ಯೋಚಿಸುವುದು ಹೆಚ್ಚು ಸುಖವಾಗಿತ್ತು.

ಊಟದ ಕಷ್ಟ ಹೇಳತೀರದು. ಮಾಂಸ ತಿನ್ನದವನಿಗೆಂದು ಎಡ್ನಾ ಪ್ರೀತಿಯಿಂದ ಹುರುಳಿಕಾಯಿಯ ಬೀಜದ ಡಬ್ಬಿ ತೆರೆದಳು. ಎರಡು ತುತ್ತು ನುಂಗಿದ ಮೇಲೆ ಡಬ್ಬಿಯ ಚೀಟಿ ಓದಿದೆ. ಅದರಲ್ಲೂ ಹಂದಿ. ರುಚಿಗೆ ಒಂದು ಚೂರು ಅಷ್ಟೇ, ಅದು ಲೆಕ್ಕಕ್ಕಿಲ್ಲ ಎಂದಳು. ಅಂದಿನಿಂದ ನಾನೇ ಅನ್ನ ಬೇಯಿಸಿಕೊಂಡು, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಹಾಕಿಕೊಂಡು ತಿಂದೆ. ಕಾಫಿಯ ವಿಷಯ ಎತ್ತುವುದೇ ಇಲ್ಲ. ಕಾಫಿ ಬೆಳೆಯುವ ಸೀಮೆಯಿಂದ ಹೋದವನಿಗೆ ಅವರು ಕೊಟ್ಟದ್ದು ಲೋಟ ತೊಳೆದ ನೀರು.

ಎಡ್ನಾಳ ತಾಯಿಗೆ ಎಪ್ಪತ್ತು ದಾಟಿತ್ತು. ನಮ್ಮಲ್ಲಿ ಆ ವಯಸ್ಸಿನವರು ಕೂತು ಹೂ ಕಟ್ಟುತ್ತಾರೆ, ಇಲ್ಲವೆ ಸೊಸೆಯನ್ನು ಬೈಯುತ್ತಾರೆ. ಈ ಅಜ್ಜಿ ದಿನಾ ಸಂಜೆ ಚಿಲ್ಲರೆ ಕಾಸುಗಳನ್ನು ಮೇಜಿನ ಮೇಲೆ ಸುರಿದುಕೊಂಡು, ಭೂತಗನ್ನಡಿ ಹಿಡಿದು ಒಂದೊಂದರ ಇಸವಿ ನೋಡುತ್ತಿದ್ದಳು. ಅವಳ ಹತ್ತಿರ ನೀಲಿ ರಟ್ಟಿನ ಒಂದು ಪುಸ್ತಕ. ರಟ್ಟಿನಲ್ಲಿ ಸಾಲಾಗಿ ಗುಂಡಗಿನ ತೂತು, ಪ್ರತಿ ತೂತಿನ ಕೆಳಗೆ ಒಂದು ಇಸವಿ. ಆ ಇಸವಿಯ ಕಾಸು ಸಿಕ್ಕರೆ ತೂತಿನಲ್ಲಿ ಒತ್ತಿ ಕೂರಿಸಬೇಕು. ದೇಶದಲ್ಲಿ ಅರ್ಧಕ್ಕರ್ಧ ಜನಕ್ಕೆ ಈಗ ಇದೇ ಹುಚ್ಚು ಎಂದು ವಾಲ್ಟರ್ ಹೇಳಿದ. ನಮ್ಮ ಊರಿನಲ್ಲಿ ಆಣೆ ಹೋಗಿ ನಯಾ ಪೈಸೆ ಬಂದು, ಬಸ್ ಕಂಡಕ್ಟರನೊಂದಿಗೆ ದಿನಬೆಳಗಾದರೆ ಜಗಳ. ಚಿಲ್ಲರೆ ಕೈಯಿಂದ ದಾಟಿದರೆ ಸಾಕಾಗಿರುತ್ತದೆ. ಇವರು ಅದನ್ನು ಪುಸ್ತಕದಲ್ಲಿ ಅಂಟಿಸಿ ಪೂಜೆ ಮಾಡುತ್ತಾರೆ.

ನನ್ನ ಕಾಲ ಬಂತು ಎಂದುಕೊಂಡು ಗಂಟು ಬಿಚ್ಚಿದೆ. ಹುಣಸೆಹಣ್ಣಿಲ್ಲದೆ ಎರಡು ಸೋಮವಾರ ಕಳೆದಿತ್ತು, ಆ ಊರಿನ ಹವೆ ಬೇರೆ ಒದ್ದೆ. ಕಾಸು ಕಪ್ಪಾಗಿ, ಗಡ್ಡದ ಮನುಷ್ಯನ ಕೆನ್ನೆಯ ಮೇಲೆ ಕೆಂಪು ಕಲೆ ಬಂದಿತ್ತು. ಅಜ್ಜಿ ನೋಡಿ, "ಓ, ನಲವತ್ತಮೂರರದು! ನನ್ನ ಹತ್ತಿರವೂ ಇದೆ" ಎಂದು ತನ್ನ ಪುಸ್ತಕ ತಿರುಗಿಸಿದಳು. ಅಲ್ಲಿ ಅದೇ ಇಸವಿಯ ಮೂರು ತೂತುಗಳಲ್ಲಿ, ಟಂಕಸಾಲೆಗೊಂದರಂತೆ, ಮೂರು ಬಿಳಿ ಕಾಸು ಮಿರಮಿರ ಮಿಂಚುತ್ತಿದ್ದವು. "ಎಲ್ಲರ ಮನೆಯಲ್ಲೂ ಒಂದೆರಡು ಇದ್ದೇ ಇರುತ್ತದೆ. ಅದು ಯುದ್ಧದ ವರ್ಷ ನೋಡು, ಆಗ..." ಎಂದು ಏನೋ ಹೇಳಲು ಹೊರಟಳು.

ನನಗೆ ಕೇಳುವ ತಾಳ್ಮೆ ಇರಲಿಲ್ಲ. ಪತ್ರಿಕೆಯಲ್ಲಿ ಕಾರಿನ ಬೆಲೆ ಎಂದು ಬರೆದಿದೆ, ನನ್ನದು ಬೇರೆ ಜಾತಿಯದು ಎಂದು ವಾದಿಸಿದೆ. ಅಜ್ಜಿ ಅನುಮಾನದಿಂದ ನನ್ನನ್ನು ನೋಡಿ, ಹಾಗಿದ್ದರೆ ಪಟ್ಟಣದಲ್ಲಿ ನಾಣ್ಯದ ಅಂಗಡಿ ಇದೆ, ಶನಿವಾರ ವಾಲ್ಟರ್ ಹೋಗುವಾಗ ಜೊತೆಗೆ ಹೋಗಿ ತೋರಿಸು ಎಂದಳು.

ಶನಿವಾರ ಬೆಳಗ್ಗೆ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವಂತಾಗುತ್ತದೆ. ಒಬ್ಬರ ಮುಂದೆ ಒಂದು ವಸ್ತುವನ್ನು ಇಡುವ ಮೊದಲು ತೊಳೆದು ಬೆಳಗಿ ಇಡಬೇಕೆಂದು ನಮ್ಮ ಮನೆಯಲ್ಲಿ ಕಲಿಸಿದ್ದಾರೆ. ತೋಟದ ಬೇಲಿಯಿಂದ ನಿಂಬೆಹಣ್ಣು ಕಿತ್ತು ತಂದೆ. ಎಡ್ನಾ ಪಾತ್ರೆ ತಿಕ್ಕುವ ಪುಡಿಯನ್ನು ಅದಕ್ಕೆ ಬೆರೆಸಿ, ಅರ್ಧ ಗಂಟೆ ಕೂತು ತಿಕ್ಕಿದೆ. ಕಲೆಯೆಲ್ಲ ಹೋಯಿತು. ಕಾಸು ಹೊಸ ಚಮಚದ ಹಾಗೆ ಹೊಳೆಯಿತು. ಚಿಕ್ಕಮ್ಮ ನೋಡಿದ್ದರೆ ಮೆಚ್ಚುತ್ತಿದ್ದರು.

ಪಟ್ಟಣದ ನಾಣ್ಯದಂಗಡಿ

ಅಂಗಡಿಯವನು ಬೋಳುತಲೆಯ, ಸಣ್ಣ ದನಿಯ ಮನುಷ್ಯ. ಕಾಸನ್ನು ನಾನು ಬೆರಳಿನಲ್ಲಿ ಹಿಡಿದು ಕೊಟ್ಟೆ. ಅವನು ಅಂಚನ್ನು ಮಾತ್ರ ಮುಟ್ಟಿ ತೆಗೆದುಕೊಂಡು ಮಸೂರದ ಕೆಳಗಿಟ್ಟ. ನೋಡುತ್ತ ನೋಡುತ್ತ ಅವನ ಮುಖ, ಯಾರದೋ ಸಾವಿನ ಸುದ್ದಿ ಓದುವವನ ಹಾಗಾಯಿತು.

"ಯಾರು ಇದನ್ನು ಉಜ್ಜಿದ್ದು?"

"ನಾನೇ. ಇವತ್ತು ಬೆಳಗ್ಗೆ. ಅದಕ್ಕೆ ಮೊದಲು ನಮ್ಮ ಚಿಕ್ಕಮ್ಮ, ವಾರಕ್ಕೊಮ್ಮೆ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಎಷ್ಟು ವಾರ?"

"ಹದಿನಾಲ್ಕು ವರ್ಷ."

ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅಲ್ಲಿಂದ ಶುರುವಾದದ್ದು ಉಪದೇಶ. ನಾಣ್ಯವನ್ನು ಯಾವತ್ತೂ ತೊಳೆಯಬಾರದು. ಉಜ್ಜಲೇಬಾರದು. ಹುಳಿಯನ್ನಂತೂ ಹತ್ತಿರವೂ ತರಬಾರದು. ಕೊಳೆ ಇದ್ದರೆ ಕೊಳೆಯೇ ಇರಲಿ, ಅದೇ ಅದರ ಬೆಲೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಇವರ ಮನೆಯ ಸ್ನಾನದ ಕೋಣೆ ಕನ್ನಡಿಯ ಹಾಗಿರುತ್ತದೆ, ಬೀದಿಯಲ್ಲಿ ಒಂದು ಕಸಕಡ್ಡಿ ಇರುವುದಿಲ್ಲ. ಆದರೆ ಕಾಸು ಮಾತ್ರ ಕೊಳಕಾಗಿರಬೇಕು! ಇಂಥ ದೇಶದಲ್ಲಿ ಮನುಷ್ಯ ಯಾವುದನ್ನು ನಂಬುವುದು?

ಅವನು ಒಂದು ಪುಟ್ಟ ಅಯಸ್ಕಾಂತವನ್ನು ಕಾಸಿನ ಹತ್ತಿರ ತಂದ. ಕಾಸು ಟಕ್ ಎಂದು ಎದ್ದು ಅಂಟಿಕೊಂಡಿತು.

"ಕಬ್ಬಿಣ" ಎಂದ.

"ಬೆಳ್ಳಿ ಅಲ್ಲವೇ?"

"ಅಲ್ಲ. ಉಕ್ಕು, ಮೇಲೆ ಸತುವಿನ ಲೇಪ ಇತ್ತು. ಆ ಲೇಪವನ್ನು ನಿಮ್ಮ ಚಿಕ್ಕಮ್ಮ ಎಂದೋ ತೊಳೆದುಹಾಕಿದ್ದಾರೆ. ಅದಕ್ಕೇ ತುಕ್ಕು."

ನಾನು ಪತ್ರಿಕೆಯ ವಿಷಯ ಎತ್ತಿದೆ, ಕಾರಿನ ಬೆಲೆ ಎಂದೆ, ಸ್ವಲ್ಪ ಜೋರಾಗಿಯೇ ಎಂದೆ. ಅವನು ನಿಟ್ಟುಸಿರಿಟ್ಟ. ವಾರಕ್ಕೆ ಹತ್ತು ಜನ ಇದೇ ಮಾತು ಹೇಳಿಕೊಂಡು ಬರುತ್ತಾರಂತೆ. ಆ ವರ್ಷ ಕಾಸುಗಳನ್ನೆಲ್ಲ ಉಕ್ಕಿನಲ್ಲಿ ಹೊಡೆದರು, ಆದರೆ ಟಂಕಸಾಲೆಯಲ್ಲಿ ಕಣ್ತಪ್ಪಿ ಬೆರಳೆಣಿಕೆಯಷ್ಟು ತಾಮ್ರದಲ್ಲೇ ಬಿದ್ದವು. ಕಾರಿನ ಬೆಲೆ ಆ ತಾಮ್ರದ್ದಕ್ಕೆ. "ನಿಮ್ಮದು ಅಂಟಿತಲ್ಲ, ಅಲ್ಲಿಗೆ ಮುಗಿಯಿತು. ಉಜ್ಜದೆ ಹಾಗೇ ಇಟ್ಟಿದ್ದರೆ ಒಂದು ಲೋಟ ಕಾಫಿಗಾದರೂ ಆಗುತ್ತಿತ್ತು. ಈಗ ಇದು ಒಂದು ಸೆಂಟ್. ಖರ್ಚು ಮಾಡಿಬಿಡಿ."

ಅವರ ಕಾಫಿ ಎಂಥದ್ದೆಂದು ನನಗೆ ಗೊತ್ತಿತ್ತು. ಅದಕ್ಕೂ ಕಡೆಯಾಯಿತು ನನ್ನ ಜೀಪು. ಸಿಟ್ಟು ಯಾರ ಮೇಲೆಂದು ತಿಳಿಯದೆ ಹುಣಸೆಹಣ್ಣಿನ ಮೇಲೆ, ವಾಚನಾಲಯದಲ್ಲಿ ಪುಟ ತಿರುಗಿಸಿದವನ ಮೇಲೆ, ಆ ಗಡ್ಡದ ಮನುಷ್ಯನ ಮೇಲೆ ಒಟ್ಟಿಗೆ ಬಂತು. ನನ್ನ ಮುಖ ನೋಡಿ ಅಂಗಡಿಯವನಿಗೆ ಕನಿಕರ ಹುಟ್ಟಿರಬೇಕು. ಕುರ್ಚಿ ಎಳೆದು ಕೂರಿಸಿ, ಸಮಾಧಾನಕ್ಕೆಂದು ತಾನಾಗಿಯೇ ಮಾತು ಮುಂದುವರಿಸಿದ.

"ಬೆಲೆ ಇಲ್ಲದಿದ್ದರೂ ಕತೆ ಒಳ್ಳೆಯದಿದೆ. ಆ ವರ್ಷ ತಾಮ್ರವೆಲ್ಲ ತೋಟಾಗಳಿಗೆ ಬೇಕಾಯಿತು. ಅದಕ್ಕೇ ಉಕ್ಕು. ಜನಕ್ಕೆ ಹಿಡಿಸಲಿಲ್ಲ. ಮಾರನೆಯ ವರ್ಷ ಏನು ಮಾಡಿದರು ಗೊತ್ತೇ? ಸುಟ್ಟ ಖಾಲಿ ತೋಟಾಗಳನ್ನು ತಂದು ಕರಗಿಸಿ ಕಾಸು ಹೊಡೆದರು."

ನಾನು ಕೂತಲ್ಲೇ ಸೆಟೆದೆ. ಆ ಮಾತು ಇಂಗ್ಲಿಷಿನಲ್ಲಿತ್ತು, ಬೋಳುತಲೆಯವನ ಬಾಯಿಂದ ಬಂದಿತ್ತು. ಆದರೆ ಅದು ನಮ್ಮ ಜಗಲಿಯ ಮೇಲೆ, ಹದಿನಾಲ್ಕು ವರ್ಷದ ಹಿಂದೆ, ಅಕ್ಷರಕ್ಕೆ ಅಕ್ಷರ ನಾನು ಕೇಳಿದ್ದ ಮಾತು. ಚಿಕ್ಕಪ್ಪ ಅದನ್ನು ಹೇಳುವಾಗ ಒಂದು ಬೆರಳೆತ್ತಿ ಹೇಳುತ್ತಿದ್ದರು. ನಾವೆಲ್ಲ ನಕ್ಕಾಗ ಆ ಬೆರಳು ನಿಧಾನಕ್ಕೆ ಕೆಳಗೆ ಬರುತ್ತಿತ್ತು. 'ನಿಜಾನೋ ಸುಳ್ಳೋ' ಎಂದು ಚಿಕ್ಕಮ್ಮ ಕೇಳಿದ್ದು ಆಗ ನನಗೆ ನೆನಪಾಯಿತು. ಮೂರು ವಾರದಿಂದ ಅವರ ಕಾಸನ್ನು ಹೊತ್ತು ತಿರುಗಿದವನು ಅವರ ಪ್ರಶ್ನೆಯನ್ನು ಊರಲ್ಲೇ ಬಿಟ್ಟು ಬಂದಿದ್ದೆ.

"ಇನ್ನೊಂದು ಸಲ ಹೇಳಿ" ಎಂದೆ. ಅವನು ಹೇಳಿದ. ಖಾನೆಯಿಂದ 1944ರ ಒಂದು ಕಾಸನ್ನೂ ತೆಗೆದು ತೋರಿಸಿದ. ಕಂದು ಬಣ್ಣದ್ದು, ಅದೇ ಗಡ್ಡ, ಅದೇ ತೆನೆ. ಇದು ತೋಟಾದಿಂದ ಆದದ್ದು ಎಂದ.

ಹೊರಡಲೆಂದು ಚೀಲ ಎತ್ತಿಕೊಂಡೆ. ಅವನ ಕಣ್ಣು ಹಿಡಿಯ ಬುಡದಲ್ಲಿದ್ದ ತೂತು ಕಾಸಿನ ಮೇಲೆ ಬಿತ್ತು.

"ಅದೇನು?"

"ವಾಷರ್. ಅಂದರೆ, ನಮ್ಮ ಹಳೆಯ ಕಾಸು."

"ಕಾಸಿಗೆ ಯಾಕೆ ತೂತು?"

"ಯುದ್ಧದಲ್ಲಿ ತಾಮ್ರ ಉಳಿಸಲು."

ಅವನು ನನ್ನನ್ನೂ ಕಾಸನ್ನೂ ಎರಡೆರಡು ಸಲ ನೋಡಿದ. "ಆ ನಡುವಿನ ಚೂರಿನಿಂದ ಎಷ್ಟು ತಾಮ್ರ ಉಳಿಯುತ್ತೆ? ನಾನು ಹೊರದೇಶದ ನಾಣ್ಯ ನೋಡಿದವನಲ್ಲ ಎಂದು ತಮಾಷೆ ಮಾಡುತ್ತಿದ್ದೀರಿ" ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಕೋಟಿ ಕೋಟಿ ಕಾಸಿಗೆ ತೂತು ಹೊಡೆದರೆ ಎಷ್ಟು ಉಳಿಯುತ್ತದೆಂದು ಕೇಳಿದೆ. ಕಬ್ಬಿಣದ ಕಾಸು ಹೊಡೆದವರು ತೂತು ಕಾಸನ್ನು ನಂಬುವುದಿಲ್ಲವೆಂದರೆ ಹೇಗೆ ಎಂದು ಕೇಳಿದೆ. ನಿಜ ಹೇಳುತ್ತಿರುವವನನ್ನು ನೋಡಿ ನಗುವುದು ಎಂಥ ಮರ್ಯಾದೆ ಎಂದೂ ಕೇಳಿದೆ. ಕೇಳುತ್ತಿರುವಾಗ ನನ್ನ ಒಂದು ಬೆರಳು ಮೇಲೆ ಎದ್ದಿತ್ತು. ಅದನ್ನು ಕಂಡು ನಾನೇ ಸುಮ್ಮನಾದೆ. ನನಗೆ ಅಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ.

ಕೊನೆಗೆ ಅವನು ನಂಬಿದನೋ, ನನ್ನ ಕೂಗಾಟಕ್ಕೆ ಹೆದರಿದನೋ, ಆ ತೂತು ಕಾಸನ್ನು ಕೊಡುತ್ತೀರಾ ಎಂದ. ಇಕ್ಕಳ ತಂದು ಇಬ್ಬರೂ ಸೇರಿ ಮೊಳೆ ಕಿತ್ತೆವು. ಬದಲಿಗೆ ಅವನು ತೋಟಾದ ಕಾಸನ್ನೂ ಆ ಪುಟ್ಟ ಅಯಸ್ಕಾಂತವನ್ನೂ ಕೊಟ್ಟ. ಚೀಲದ ಹಿಡಿ ಕೈಗೆ ಬಂತು. ಅಲ್ಲಿಂದ ಊರಿನವರೆಗೂ ನಾನು ಚೀಲವನ್ನು ಕೂಸಿನ ಹಾಗೆ ಅಪ್ಪಿಕೊಂಡೇ ಬಂದೆ.

ಮತ್ತೆ ಊರು

ನಾನು ಬಂದ ದಿನ ಜಗಲಿ ತುಂಬಿತ್ತು. ಕಿತ್ತಳೆಯ ರೋಗದ ಬಗ್ಗೆ ನಾನು ಬರೆದುಕೊಂಡು ಬಂದಿದ್ದನ್ನು ಯಾರೂ ಕೇಳಲಿಲ್ಲ. ಅಮೆರಿಕ ಹೇಗಿದೆ ಹೇಳು ಎಂದರು. ನಾನು ಸುತ್ತು ಬಳಸದೆ ಚಿಕ್ಕಪ್ಪನ ವಿಷಯದಿಂದಲೇ ಶುರು ಮಾಡಿದೆ. ಡಬ್ಬಿಯ ರಸ ಹೇಳಿದೆ, ಚಕ್ರದ ಮನೆ ಹೇಳಿದೆ. ಅಯಸ್ಕಾಂತಕ್ಕೆ ಕಾಸನ್ನು ಅಂಟಿಸಿ ತೋರಿಸಿದೆ. ತೋಟಾದ ಕಾಸನ್ನು ಕೈಯಿಂದ ಕೈಗೆ ದಾಟಿಸಿದೆ. ಈರಪ್ಪ ಚಿಕ್ಕಪ್ಪ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆ ಹೆಸರಿಟ್ಟವನು ನಾನು, ತಪ್ಪು ನನ್ನದು ಎಂದೆ.

ಏಲಕ್ಕಿ ವ್ಯಾಪಾರದ ಚೆನ್ನಬಸಪ್ಪ ಕಾಸನ್ನು ಬೆಳಕಿಗೆ ಹಿಡಿದು, "ಕಬ್ಬಿಣ ಅನ್ನದೇನೋ ಸರಿ ಕಣಪ್ಪ. ಅದು ದುಡ್ಡೇ ಅಂತ ಏನ್ ಗ್ಯಾರಂಟಿ? ಅಂಗಡಿಯವ್ನು ನಿನ್ ಕಿವಿ ಮೇಲೆ ಹೂ ಇಟ್ಟು ಕಳ್ಸಿದಾನೆ" ಎಂದ.

"ಹಂಗಲ್ಲ ಚೆನ್ನಬಸಪ್ಪಣ್ಣ, ನಮ್ ತೂತು ಕಾಸು ಕಂಡು ಅವ್ನು ಬಾಯ್ಬಿಟ್ಕಂಡ್ ಇಸ್ಕಂಡ ಗೊತ್ತಾ? ಬ್ಯಾಗಿಂದ ಕಿತ್ತು ಕೊಟ್ಟೆ."

ಅಷ್ಟೇ ಸಾಕಾಯಿತು. ವಾಷರಿಗೆ ಅಮೆರಿಕದವನು ಬಾಯಿ ಬಿಟ್ಟನೆಂಬ ಮಾತಿಗೆ ಜಗಲಿ ಹಾರಿಹೋಗುವ ಹಾಗೆ ನಕ್ಕಿತು. "ಬ್ಯಾಗಿನ ಹಿಡಿ ಮಾರ್ಕಂಡ್ ಬಂದಿದಾನೆ ನೋಡ್ರೋ" ಎಂದ ಒಬ್ಬ. "ಚಿಕ್ಕಪ್ಪನ ಗಾಳಿ ಮಗನಿಗೂ ಬಡೀತು" ಎಂದ ಇನ್ನೊಬ್ಬ. ನಾನು ಕೂಗಿದೆ, ಆಣೆ ಇಟ್ಟೆ, ಅಯಸ್ಕಾಂತವನ್ನು ಮತ್ತೆ ಮತ್ತೆ ಅಂಟಿಸಿದೆ. ಎಷ್ಟು ಕೂಗಿದರೆ ಅಷ್ಟು ನಕ್ಕರು. ಮಾರನೆಯ ಸಂತೆಯ ಹೊತ್ತಿಗೆ ನನ್ನ ಹೆಸರು ಬುರುಡೆ ಸಿದ್ದಪ್ಪ ಆಗಿತ್ತು. ಈಗಲೂ ಅದೇ. ಇದನ್ನು ಓದುತ್ತಿರುವ ನೀವೂ ಒಳಗೊಳಗೇ ಹಾಗೇ ಅಂದುಕೊಳ್ಳುತ್ತಿದ್ದರೆ ನಾನು ಮಾಡುವುದೇನೂ ಇಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಚಿಕ್ಕಮ್ಮ ಬಾಗಿಲ ಮರೆಯಿಂದ ಬಂದು ಮೆಟ್ಟಿಲ ಮೇಲೆ ಕೂತರು. ಕಾಸನ್ನು ಅವರ ಕೈಗೆ ಕೊಟ್ಟು, ಇದಕ್ಕೆ ಬೆಲೆ ಏನೂ ಬರಲಿಲ್ಲ ಎಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ.

"ಆ ಅಂಗಡಿಯವ್ನು, ನೀನು ಕೇಳದೇನೇ ಹೇಳ್ದ್ನಾ? ತೋಟಾದ್ದು?"

"ಹೂಂ ಚಿಕ್ಕಮ್ಮ. ಅವ್ನಾಗೇ ಹೇಳ್ದ."

"ಇನ್ನೊಂದ್ ಸಲ ಹೇಳು, ಹೆಂಗ್ ಹೇಳ್ದ ಅಂತ."

ಹೇಳಿದೆ. ಮೂರು ಸಲ ಹೇಳಿಸಿದರು. ಆಮೇಲೆ ಕಾಸನ್ನು ನೋಡುತ್ತಲೇ ಮಾತಾಡಿದರು. "ಊರೋರು ಅಂದ್ರೆ ಅನ್ಲಿ. ನಾನೂ ನಂಬಿರ್ಲಿಲ್ಲ ಕಣೋ ಸಿದ್ದಾ. ಕೆಂಪು ಬಂದಾಗೆಲ್ಲಾ ತಿಕ್ಕಿ ತಿಕ್ಕಿ ಬೆಳ್ಳಿ ಅಂತ್ಲೇ ಇಟ್ಟಿದ್ದೆ. ಅವ್ರು ಕಡೇಲಿ ಮಲಗಿದ್ರಲ್ಲ, ಆವಾಗ ಮತ್ತೆ ಇದರ ಮಾತು ತೆಗೆದ್ರು. ನಂಗೂ ಸಾಕಾಗಿತ್ತು. ಈಗ್ಲಾದ್ರೂ ಸುಳ್ಳು ನಿಲ್ಸಿ ಅಂದ್ಬಿಟ್ಟೆ. ಆಮೇಲೆ ಅವ್ರು ಅದರ ಬಗ್ಗೆ ಬಾಯೇ ಬಿಡ್ಲಿಲ್ಲ."

ಚಿಕ್ಕಮ್ಮ ಅಳಲಿಲ್ಲ. ಕಾಸನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಅಂಗಳ ದಾಟಿ ಹೋದರು.

ಮೂರು ನಾಲ್ಕು ವಾರ ಕಳೆದಿರಬೇಕು. ಒಂದು ಸೋಮವಾರ ಪ್ರಸಾದಕ್ಕೆಂದು ಅವರ ಮನೆಗೆ ಹೋದೆ. ದೇವರ ಮನೆಯಲ್ಲಿ ದೀಪದ ಕಂಬ, ತಟ್ಟೆ, ಗಂಟೆ ಎಲ್ಲ ಹುಣಸೆಹಣ್ಣಿನಲ್ಲಿ ಮಿಂದು ಥಳಥಳ ಹೊಳೆಯುತ್ತಿದ್ದವು. ಅವುಗಳ ನಡುವೆ ಕಾಸು ಕಪ್ಪಗೆ ಕೂತಿತ್ತು. ಗಡ್ಡದ ಮನುಷ್ಯನ ಮುಖದ ತುಂಬ ಕೆಂಪು ತುಕ್ಕು, ತೆನೆಗಳೂ ಅರ್ಧ ಮುಚ್ಚಿಹೋಗಿದ್ದವು.

"ಚಿಕ್ಕಮ್ಮ, ಇದನ್ನ ತಿಕ್ಕದು ಮರೆತ್ರಾ?"

ಅವರು ವಿಭೂತಿಯ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಮರೆತಿಲ್ಲ. ತುಕ್ಕು ಹಿಡೀಲಿ ಬಿಡು. ಬಂದೋರು ನೋಡ್ಲಿ, ಕಬ್ಬಿಣ ಅಂತ."